ಫಲಕ ಬರೆಯುವ ಪುಟ್ಟ ಸ್ಕ್ರಿಪ್ಟ್

ಪ್ರಿಯ ಗೆಳೆಯ,

ಕಪಾಟು, ಸ್ವಿಚ್ಚು, ಬಾಗಿಲುಗಳಿಗೆ ಅಂಟಿಸುವ ಫಲಕಗಳನ್ನು ಒಂದೊಂದಾಗಿ ಟೈಪ್ ಮಾಡಿ, ಅಕ್ಷರದ ಗಾತ್ರವನ್ನು ಕಣ್ಣಳತೆಯಲ್ಲಿ ಹಿಗ್ಗಿಸಿ ಕುಗ್ಗಿಸುವ ಶ್ರಮವನ್ನು ನೀನು ಇನ್ನು ಬಿಟ್ಟುಬಿಡಬಹುದು. ಸಾಲಿಗೊಂದು ಫಲಕದ ಮಾತಿರುವ ಪಠ್ಯಕಡತ, ಅದನ್ನು ಓದುವ ಪುಟ್ಟ ಶೆಲ್ ಸ್ಕ್ರಿಪ್ಟ್ (ಕಂಪ್ಯೂಟರಿಗೆ ಸಾಲಾಗಿ ಬರೆದಿಟ್ಟ ಆದೇಶಗಳ ಕಡತ) ಮತ್ತು ಆದೇಶ ಕೊಟ್ಟು ಚಿತ್ರ ಮಾಡಿಸಬಹುದಾದ ಇಮೇಜ್‌ಮ್ಯಾಜಿಕ್ ಎಂಬ ತಂತ್ರಾಂಶ ಇದ್ದರೆ ಸಾಕು.

ಅಕ್ಷರಗಳನ್ನು ಎಣಿಸಿ ಗಾತ್ರವನ್ನು ನಿರ್ಧರಿಸುವ ಉಪಾಯ ಮೊದಲು ಹೊಳೆಯುವುದು ಸಹಜ, ಆದರೆ ಕನ್ನಡಕ್ಕೆ ಅದು ಒಗ್ಗುವುದಿಲ್ಲ. ‘ಸ್ತ್ರೀ’ ಎಂಬುದು ಕಣ್ಣಿಗೆ ಒಂದೇ ಅಕ್ಷರವಾದರೂ ಕಂಪ್ಯೂಟರಿನ ಲಿಪಿಸಂಕೇತಗಳ ಪಟ್ಟಿಯಾದ ಯೂನಿಕೋಡ್‌ನಲ್ಲಿ 6 ಸಂಕೇತಗಳು, ಆ ಸಂಕೇತಗಳನ್ನು ಉಳಿಸುವ ಯುಟಿಎಫ್-8 ವಿಧಾನದ ಕಡತದಲ್ಲಿ 18 ಬೈಟ್‌ಗಳು. ಆದ್ದರಿಂದ ಅಳೆಯಬೇಕಾದದ್ದು ಮೂಡಿದ ಅಕ್ಷರದ ಅಗಲವನ್ನೇ. ಇಮೇಜ್‌ಮ್ಯಾಜಿಕ್‌ನ ‘ಲೇಬಲ್’ಗೆ (ಬರಹವನ್ನು ಚಿತ್ರವಾಗಿಸುವ ಆದೇಶಕ್ಕೆ) ಚೌಕಟ್ಟಿನ ಅಳತೆಯನ್ನಷ್ಟೇ ಕೊಟ್ಟು ಅಕ್ಷರದ ಗಾತ್ರವನ್ನು ಹೇಳದೆ ಬಿಟ್ಟರೆ, ಹಿಡಿಸುವಷ್ಟು ದೊಡ್ಡ ಗಾತ್ರವನ್ನು ಅದೇ ಆರಿಸಿಕೊಳ್ಳುತ್ತದೆ, ಈ ಸೌಲಭ್ಯವೇ ಇಡೀ ಸ್ಕ್ರಿಪ್ಟಿನ ಜೀವಾಳವೆಂದು ನಾನು ಭಾವಿಸುತ್ತೇನೆ. ಆದರೆ ಆ ತಂತ್ರಾಂಶದ ಆವೃತ್ತಿ ವಿವರದಲ್ಲಿ ‘ರಕ್ಮ್’ (raqm) ಎಂಬ, ಅಕ್ಷರಗಳನ್ನು ಕೂಡಿಸುವ ಸಹಾಯಕ ತಂತ್ರಾಂಶದ ಹೆಸರಿದೆಯೇ ಎಂದು ಮೊದಲು ನೋಡಿಕೋ. ಅದಿಲ್ಲದಿದ್ದರೆ ಒತ್ತಕ್ಷರಗಳು ಕೂಡಿಕೊಳ್ಳದೆ ಒಡೆದು ನಿಲ್ಲುತ್ತವೆ, ಮತ್ತು ಒಡೆದ ಅಕ್ಷರದ ಫಲಕವನ್ನು ಗೋಡೆಗೆ ಹಚ್ಚುವುದಕ್ಕಿಂತ ಕೈಯಲ್ಲಿ ಬರೆಯುವುದೇ ಮೇಲು.

ಎ4 ಹಾಳೆಯನ್ನು ಅಡ್ಡಲಾಗಿಟ್ಟು ನಾಲ್ಕು ಭಾಗ ಮಾಡಿದರೆ, ಇಂಚಿಗೆ 300 ಚುಕ್ಕೆಯ ಲೆಕ್ಕದಲ್ಲಿ ಒಂದೊಂದು ಭಾಗವೂ 1754 ಅಗಲ, 1240 ಎತ್ತರದ್ದಾಗುತ್ತದೆ. ಬರಹವನ್ನು 1500ಕ್ಕೆ 1000ದ ಚೌಕಟ್ಟಿನಲ್ಲಿ ಮೂಡಿಸಿ ನಡುವೆ ಕೂರಿಸು. ಸುತ್ತ ಉಳಿಯುವ ಅಂಚು ಕತ್ತರಿಸುವಾಗ ಕೆಳಗಿಳಿದ ಒತ್ತಕ್ಷರಗಳನ್ನು ಕಾಯುತ್ತದೆ. ಅನಂತರ ‘ಮಾಂಟಾಜ್’ ಆದೇಶವು ನಾಲ್ಕು ನಾಲ್ಕನ್ನು ಒಂದು ಹಾಳೆಗೆ ಜೋಡಿಸುತ್ತದೆ.

ಶೆಲ್‌ನಲ್ಲಿ ಚರವನ್ನು (ಓದಿದ ಸಾಲನ್ನು ಹಿಡಿದಿಡುವ ಹೆಸರನ್ನು) ಯಾವಾಗಲೂ ಜೋಡಿ ಉದ್ಧರಣ ಚಿಹ್ನೆಯೊಳಗೆ ("…") ಬರೆ. ಇಲ್ಲವಾದರೆ ‘ಬಾಗಿಲು ಮುಚ್ಚಿ’ ಎಂಬಲ್ಲಿ ‘ಬಾಗಿಲು’ ಮಾತ್ರ ಫಲಕವಾಗಿ, ‘ಮುಚ್ಚಿ’ಯನ್ನು ಕಡತದ ಹೆಸರೆಂದು ಹುಡುಕಲಾಗುತ್ತದೆ. ಶೇಕಡಾ ಚಿಹ್ನೆಗೆ ‘ಲೇಬಲ್’ನಲ್ಲಿ ಬೇರೆ ಅರ್ಥವಿರುವುದರಿಂದ ಅದನ್ನು ಎರಡು ಬಾರಿ ಬರೆಯಬೇಕು. ಕಡತದ ಕೊನೆಯ ಸಾಲಿನ ನಂತರವೂ ಎಂಟರ್ ಒತ್ತಿರಬೇಕು; ಒತ್ತದಿದ್ದರೆ ಸಾಲು ಓದುವ ‘ರೀಡ್’ ಆದೇಶವನ್ನು ಮತ್ತೆ ಮತ್ತೆ ನಡೆಸುವ ಸರಳ ಕುಣಿಕೆಯು (ಲೂಪ್) ಆ ಸಾಲನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಚಿತ್ರಗಳಿಗೆ 001, 002 ಎಂದು ಸೊನ್ನೆ ಸೇರಿಸಿ ಹೆಸರಿಟ್ಟರೆ ಹತ್ತನೆಯದು ಎರಡನೆಯದಕ್ಕಿಂತ ಮುಂದೆ ಬರುವುದಿಲ್ಲ.

ಮುದ್ರಿಸುವಾಗ ಹಾಳೆಗೆ ಹೊಂದಿಸುವ ಆಯ್ಕೆಯನ್ನು ತೆಗೆದು, ನಿಜ ಅಳತೆಯಲ್ಲೇ ಮುದ್ರಿಸು. ನಿನ್ನ ಪಟ್ಟಿಯಲ್ಲಿ ಅತಿ ಉದ್ದದ ಸಾಲು ಯಾವುದೋ ಅದನ್ನೇ ಮೊದಲು ಮುದ್ರಿಸಿ, ಓದುವವರು ನಿಲ್ಲುವಷ್ಟು ದೂರದಿಂದ ನೋಡು; ಅಕ್ಷರ ಸಣ್ಣದೆನಿಸಿದರೆ ಸ್ಕ್ರಿಪ್ಟನ್ನು ತಿದ್ದಬೇಡ, ಮಾತನ್ನು ಕಡಿಮೆ ಮಾಡು.

ನಿನ್ನ ಗೆಳೆಯ