ಹುಡುಗನಿಗೆ ಹದಿಮೂರೋ, ಹದಿನಾಲ್ಕೋ

ವೆಂಟ್‌ವರ್ತ್‌ವಿಲ್, ಸಿಡ್ನಿ
14 ಆಗಸ್ಟ್ 2025

ತೀರ್ಥರೂಪು ಅಪ್ಪನವರಿಗೆ ಸುಮಾ ಮಾಡುವ ನಮಸ್ಕಾರಗಳು.

ನಾವೆಲ್ಲ ಕ್ಷೇಮ. ಫೋನಿನಲ್ಲಿ ಮಾತಾಡಿದರೆ ನಿಮಗೆ ಅರ್ಧ ಕೇಳಿಸುವುದಿಲ್ಲ, ಉಳಿದರ್ಧವನ್ನು ಅಮ್ಮ ತನಗೆ ತೋಚಿದಂತೆ ತಿದ್ದಿ ನಿಮಗೆ ದಾಟಿಸುತ್ತಾಳೆ. ಹಾಗಾಗಿ ಈ ಸಂಗತಿಯನ್ನು ಕಾಗದದಲ್ಲೇ ಬರೆಯುತ್ತಿದ್ದೇನೆ. ಇದರೊಳಗೆ ನಿಮಗೊಂದು ಕಾನೂನಿನ ಪ್ರಶ್ನೆಯೂ ಇದೆ.

ಮೊನ್ನೆ ಮೇಘಾಳ ಕಾನೂನು ವಿಷಯದ ಪರೀಕ್ಷೆ ಮುಗಿಯಿತು. ಹನ್ನೆರಡನೆಯ ತರಗತಿಯ ಕೊನೆಯ ಪರೀಕ್ಷೆಗೆ ಇಲ್ಲಿ ಎಚ್‌ಎಸ್‌ಸಿ ಎನ್ನುತ್ತಾರೆ. ಅದು ಶುರುವಾಗುವುದು ಅಕ್ಟೋಬರಿನಲ್ಲಿ. ಅದಕ್ಕೂ ಮೊದಲು ಶಾಲೆಯಲ್ಲೇ ಒಂದು ಸುತ್ತು ನಡೆಯುತ್ತದೆ, ಅದರ ಹೆಸರು ಟ್ರಯಲ್. ನಿಮ್ಮ ಕೋರ್ಟಿನಲ್ಲಿ ಟ್ರಯಲ್ ಎಂದರೆ ವಿಚಾರಣೆ. ಇಲ್ಲಿ ಮಕ್ಕಳನ್ನು ವಿಚಾರಿಸಿಕೊಳ್ಳುವುದಕ್ಕೂ ಅದೇ ಮಾತು. ಮೂರು ಗಂಟೆ, ನೂರು ಅಂಕ. ಇಪ್ಪತ್ತು ಅಂಕಕ್ಕೆ ನಾಲ್ಕರಲ್ಲೊಂದು ಉತ್ತರ ಆರಿಸುವ ಪ್ರಶ್ನೆಗಳು, ಆಮೇಲೆ ಮಾನವ ಹಕ್ಕು, ಅಪರಾಧ, ಕೊನೆಗೆ 25 ಅಂಕಗಳ ಎರಡು ದೊಡ್ಡ ಪ್ರಬಂಧಗಳು. ಕೈ ಬಿದ್ದುಹೋಗುವಷ್ಟು ಬರೆಯಬೇಕು. ಫಿಸಿಕ್ಸ್ ಬಿಟ್ಟು ಇದನ್ನು ತೆಗೆದುಕೊಂಡಳೆಂದು ಇವರಿಗೆ ಇನ್ನೂ ಒಳಗೊಳಗೇ ಬೇಸರ. ನಿಮಗೆ ಮಾತ್ರ ಸಂತೋಷವಾಗಿದ್ದು ನನಗೆ ನೆನಪಿದೆ.

ಅವಳನ್ನು ಕರೆತರಲು ನಾನು ಹೋದಾಗ ಗೇಟಿನ ಹತ್ತಿರದ ವಾಟಲ್ ಮರ ಹಳದಿ ಹೂವು ಸುರಿಸಿಕೊಂಡು ನಿಂತಿತ್ತು. ನಮ್ಮ ಸಾಗರದ ರಸ್ತೆಬದಿಯ ಅಕೇಶಿಯಾದ ಬಳಗವೇ ಅದು, ಇಲ್ಲಿಂದಲೇ ಅಲ್ಲಿಗೆ ಹೋದದ್ದು. ಅದರ ಕೆಳಗೆ ಐದು ಮಕ್ಕಳು ಜಗಳದಲ್ಲಿ ಮುಳುಗಿದ್ದರು. ಚಳಿ ಬೇರೆ. ಎಲ್ಲರನ್ನೂ ಕಾರಿಗೆ ತುಂಬಿಕೊಂಡು ಮನೆಗೇ ಕರೆತಂದು, ಅಮ್ಮ ಕಳಿಸಿದ್ದ ಚಕ್ಕುಲಿ ಮುಂದಿಟ್ಟೆ. ಜಗಳ ಅಡುಗೆಮನೆಯ ಮೇಜಿಗೆ ವರ್ಗವಾಯಿತು.

ವಿಷಯ ಇಷ್ಟೇ. ಪರೀಕ್ಷೆಯ ಒಂದು ಪ್ರಶ್ನೆಯಲ್ಲಿ ಒಬ್ಬ ಹುಡುಗ ದೊಡ್ಡ ಹುಡುಗರ ಜೊತೆ ಸೇರಿ ಸೈಕಲ್ ಕದಿಯುತ್ತಾನೆ. ಅವನ ಮೇಲಿನ ಆರೋಪ ನಿಲ್ಲಬೇಕಾದರೆ ಏನು ಸಾಬೀತಾಗಬೇಕು? ಈ ರಾಜ್ಯದಲ್ಲಿ 10 ವರ್ಷ ತುಂಬದ ಮಗು ಅಪರಾಧ ಮಾಡಲಾರದು ಎಂಬುದು ಕಾನೂನು. 10ರಿಂದ 14ರೊಳಗಿನ ಮಗುವಿಗೂ ತಿಳಿವಳಿಕೆ ಬಂದಿಲ್ಲವೆಂದೇ ಕೋರ್ಟು ಮೊದಲು ಭಾವಿಸುತ್ತದೆ. ತಾನು ಮಾಡಿದ್ದು ಬರೀ ತುಂಟತನವಲ್ಲ, ಗಂಭೀರವಾದ ತಪ್ಪು ಎಂದು ಅದಕ್ಕೆ ಗೊತ್ತಿತ್ತೆಂಬುದನ್ನು ಸರ್ಕಾರದ ಕಡೆಯವರು ಸಂಶಯಕ್ಕೆ ಎಡೆಯಿಲ್ಲದಂತೆ ತೋರಿಸಬೇಕು. ಕೃತ್ಯ ಎಷ್ಟೇ ಕೆಟ್ಟದಾಗಿರಲಿ, ಅದೊಂದರಿಂದಲೇ ಹಾಗೆಂದು ಊಹಿಸುವಂತಿಲ್ಲ ಎಂದು ಇಲ್ಲಿನ ಹೈಕೋರ್ಟು 2016ರಲ್ಲಿ ಹೇಳಿದೆ. ಇಲ್ಲಿ ಹೈಕೋರ್ಟು ಎಂದರೆ ನಮ್ಮ ಸುಪ್ರೀಂ ಕೋರ್ಟು ಇದ್ದಂತೆ, ಅದರ ಮೇಲೆ ಇನ್ನೊಂದಿಲ್ಲ. 14 ತುಂಬಿತೋ, ಈ ರಕ್ಷಣೆ ಹೋಯಿತು.

ಅಂದರೆ ಹುಡುಗನ ವಯಸ್ಸಿನ ಮೇಲೆ ಉತ್ತರ ನಿಂತಿದೆ. ಆ ವಯಸ್ಸೇ ಯಾರಿಗೂ ಖಚಿತವಾಗಿ ನೆನಪಿಲ್ಲ! ಪ್ರಶ್ನೆಪತ್ರಿಕೆಯನ್ನು ಶಾಲೆಯವರು ವಾಪಸು ಪಡೆದುಕೊಂಡಿದ್ದಾರೆ. ಇಬ್ಬರು 13 ಎಂದು ಆಣೆ ಹಾಕುತ್ತಾರೆ, ಇಬ್ಬರು 14 ಎನ್ನುತ್ತಾರೆ. ಐದನೆಯವನು ವಯಸ್ಸು ಕೊಟ್ಟೇ ಇರಲಿಲ್ಲ, ಏಳನೆಯ ತರಗತಿ ಎಂದಿತ್ತು ಎಂದ. ಒಂದು ಗಂಟೆಯ ಹಿಂದೆ ಒಂದೇ ಕೋಣೆಯಲ್ಲಿ ಕುಳಿತು ಒಂದೇ ಕಾಗದ ಓದಿದವರು ಇವರು. ನೀವು ಹೇಳುತ್ತಿದ್ದಿರಲ್ಲ, ಒಂದೇ ಬೇಲಿಯ ವ್ಯಾಜ್ಯಕ್ಕೆ ಮೂವರು ಸಾಕ್ಷಿಗಳು ಬಂದರೆ ಮೂರು ಬೇಲಿ ಆಗುತ್ತದೆ ಎಂದು. ಅದನ್ನು ಕಣ್ಣಾರೆ ಕಂಡೆ. ಶ್ರೀಲಂಕಾದ ಜಾಫ್ನಾ ಕಡೆಯ ತಮಿಳು ಹುಡುಗಿಯೊಬ್ಬಳು ಎಷ್ಟು ಚೆನ್ನಾಗಿ ಪಾಟೀ ಸವಾಲು ಮಾಡಿದಳೆಂದರೆ, 13 ಎಂದೇ ಇತ್ತೆನ್ನುತ್ತಿದ್ದ ನಮ್ಮ ಮೇಘಾ ಕಾಲು ಗಂಟೆಯಲ್ಲಿ ಪ್ರತಿಕೂಲ ಸಾಕ್ಷಿಯಾಗಿಬಿಟ್ಟಳು. ಇರುವ ಅಂಕ ಒಂದು. ಎರಡು ಪ್ರಬಂಧಗಳ 50 ಅಂಕಗಳ ಬಗ್ಗೆ ಯಾರೂ ಐದು ನಿಮಿಷ ಮಾತಾಡಲಿಲ್ಲ.

ಆ ಪ್ರಬಂಧಗಳಲ್ಲಿ ಒಂದಕ್ಕೆ ಮೇಘಾ ಬರೆದದ್ದು ಮಾಬೋ ಎಂಬವರ ದಾವೆಯ ಬಗ್ಗೆ. ಗೇಣಿದಾರರ ಭೂಹೋರಾಟ ನಡೆದ ಕಾಗೋಡಿನ ಪಕ್ಕದಲ್ಲಿ ಜೀವನ ಕಳೆದ ನಿಮಗೆ ಇದು ಹಿಡಿಸುತ್ತದೆ. ಬಿಳಿಯರು ಬರುವ ಮೊದಲು ಈ ನೆಲಕ್ಕೆ ಒಡೆಯರೇ ಇರಲಿಲ್ಲ ಎಂಬ ನಂಬಿಕೆಯ ಮೇಲೆ ಈ ದೇಶದ ಭೂಮಿಯ ಕಾನೂನೆಲ್ಲ ನಿಂತಿತ್ತು. ಟಾರೆಸ್ ಜಲಸಂಧಿಯ ಒಂದು ಸಣ್ಣ ದ್ವೀಪದ ಎಡ್ಡಿ ಮಾಬೋ ಮತ್ತು ಜೊತೆಯವರು ನೆಲ ನಮ್ಮದೆಂದು 1982ರಲ್ಲಿ ದಾವೆ ಹೂಡಿದರು. 1992ರ ಜೂನ್ 3ರಂದು ತೀರ್ಪು ಅವರ ಪರವಾಗಿ ಬಂತು. ಮಾಬೋ ಆ ಜನವರಿಯಲ್ಲೇ ತೀರಿಕೊಂಡಿದ್ದರು. ಇದನ್ನು ಕೇಳಿದಾಗ ನನಗೆ ನಿಮ್ಮ ಕಪಾಟಿನ ಕೆಂಪು ದಾರದ ಕಡತಗಳು ಕಣ್ಣಮುಂದೆ ಬಂದವು; ವಾದಿ ಸತ್ತು, ವಾರಸುದಾರರ ಹೆಸರು ಸೇರಿಸಿ, ಮತ್ತೆ ವಾಯಿದೆ.

ಈಗ ನಿಮ್ಮ ಪ್ರಶ್ನೆ. ಹಳೆಯ ದಂಡ ಸಂಹಿತೆಯಲ್ಲಿ ಏಳರ ಒಳಗಿನ ಮಗುವಿಗೆ ಕಲಂ 82, ಏಳರಿಂದ ಹನ್ನೆರಡರವರೆಗೆ ತಿಳಿವಳಿಕೆ ಬಲಿಯದಿದ್ದರೆ 83 ಎಂದು ನೀವು ಬಾಯಿಪಾಠ ಹೇಳುತ್ತಿದ್ದಿರಿ. ಹೋದ ವರ್ಷ ಜುಲೈಯಿಂದ ಅವು ಹೊಸ ಸಂಹಿತೆಯಲ್ಲಿ 20 ಮತ್ತು 21 ಆಗಿವೆಯಂತೆ. 420 ಹೋಗಿ 318 ಆದದ್ದಕ್ಕೇ ನೀವು ಒಂದು ವಾರ ಮುನಿಸಿಕೊಂಡಿದ್ದಿರೆಂದು ಅಮ್ಮ ಹೇಳಿದಳು, ಇರಲಿ. ನಮ್ಮಲ್ಲಿ ಆ ತಿಳಿವಳಿಕೆ ಇಲ್ಲವೆಂದು ಮಗುವಿನ ಕಡೆಯವರು ತೋರಿಸಬೇಕೋ, ಇತ್ತೆಂದು ಪೊಲೀಸರು ತೋರಿಸಬೇಕೋ? ಕೋರ್ಟಿನಲ್ಲಿ ನೀವು ಕಂಡದ್ದನ್ನು ಬರೆಯಿರಿ. ಇಲ್ಲಿ ವಯಸ್ಸಿನ ವಿಚಾರ ರಾಜ್ಯಕ್ಕೊಂದು ತರಹ: ಉತ್ತರ ಪ್ರಾಂತ್ಯದವರು 10 ಇದ್ದದ್ದನ್ನು 12 ಮಾಡಿ, ಒಂದೇ ವರ್ಷದ ಮೇಲೆ 2024ರಲ್ಲಿ ಮತ್ತೆ 10ಕ್ಕೆ ಇಳಿಸಿದರು. ಆ ಒಂದು ವರ್ಷದಲ್ಲಿ ಅಲ್ಲಿನ ಮಕ್ಕಳು ದೊಡ್ಡವರಾಗಿಬಿಟ್ಟರೋ ಏನೋ.

ಮಕ್ಕಳು ಹೋದ ಮೇಲೆ ಮೇಘಾ ಊಟಕ್ಕೆ ಬರಲಿಲ್ಲ. ‘ಒಟ್ಟು ಎಷ್ಟು ಬರಬಹುದು?’ ಎಂದು ಕೇಳಲು ಇವರು ಹೊರಟಿದ್ದರು, ನಾನು ಕೈ ಹಿಡಿದು ಕೂರಿಸಿದೆ.

ಅದಕ್ಕೆ ಕಾರಣ ನೀವು, ಅಪ್ಪಾ. ಎರಡನೆಯ ಪಿಯುಸಿಯಲ್ಲಿ ನಾನು ಪ್ರತಿ ಪರೀಕ್ಷೆ ಮುಗಿಸಿ ಬಂದಾಗಲೂ ಜಗಲಿಯಲ್ಲಿ ನೀವು ಪೆನ್ಸಿಲ್ ಹಿಡಿದು ಕಾಯುತ್ತಿದ್ದಿರಿ. ಪ್ರಶ್ನೆಪತ್ರಿಕೆ ಬಿಡಿಸಿ, ಒಂದೊಂದಕ್ಕೂ ನಾನು ಹೇಳಿದಂತೆ ಪಕ್ಕದಲ್ಲಿ ಅಂಕ ಹಾಕಿ ಕೂಡಿಸುತ್ತಿದ್ದಿರಿ. ಅಕೌಂಟೆನ್ಸಿಯ ದಿನ ‘ಬ್ಯಾಲೆನ್ಸ್ ಶೀಟ್ ಕೂಡಿತೇ?’ ಎಂದಿರಿ. ಕೂಡಿತು ಎಂದೆ. ನಿಮ್ಮ ಲೆಕ್ಕದಲ್ಲಿ 91 ಬಂತು, ಅಮ್ಮ ಆ ಸಂಜೆ ಕೇಸರಿಬಾತು ಮಾಡಿದಳು. ಫಲಿತಾಂಶದಲ್ಲಿ 78 ಬಂದಾಗ ಮರುಎಣಿಕೆಗೆ ದುಡ್ಡು ಕಟ್ಟಲು ಹೊರಟವರು ನೀವು. ಬೇಡವೆಂದು ಅತ್ತವಳು ನಾನು. ಯಾಕೆ ಅತ್ತೆನೆಂದು ನೀವು ಕೇಳಲಿಲ್ಲ. ವಕೀಲರ ಗುಮಾಸ್ತರಾಗಿ ಅಷ್ಟು ವರ್ಷ ಸಾಕ್ಷಿಗಳ ಮುಖ ನೋಡಿದವರು ನೀವು, ಆವತ್ತೇ ಗೊತ್ತಾಗಿತ್ತೇನೋ. ಎರಡು ಬದಿಗೂ 1,200 ರೂಪಾಯಿ ವ್ಯತ್ಯಾಸವಿತ್ತು, ಅಪ್ಪಾ. ಕೂಡಿರಲಿಲ್ಲ.

ತೋಟಕ್ಕೆ ಎರಡನೆಯ ಸಲ ಬೋರ್ಡೋ ದ್ರಾವಣ ಹೊಡೆಸಿದಿರಾ? ಈ ಮಳೆಯಲ್ಲಿ ಕೊಳೆ ಬಂದರೆ ಕಷ್ಟ. ನೀವೇ ಛತ್ರಿ ಹಿಡಿದು ಗುಡ್ಡ ಹತ್ತಬೇಡಿ. ಅಮ್ಮ ಬಿಪಿ ಮಾತ್ರೆಯನ್ನು ದಿನಬಿಟ್ಟು ದಿನ ನುಂಗುತ್ತಿದ್ದಾಳೆಂದು ತಮ್ಮ ಹೇಳಿದ, ಸ್ವಲ್ಪ ಗದರಿಸಿ. ಗೌರಿ ಹಬ್ಬದ ದಿನ ಬೆಳಗ್ಗೆ ಫೋನು ಮಾಡುತ್ತೇನೆ.

ನಿಮ್ಮ ಮಗಳು,
ಸುಮಾ

ಲಕೋಟೆ ಅಂಟಿಸುವ ಮೊದಲು ಇನ್ನೊಂದು ಮಾತು. ಆ ತಮಿಳು ಹುಡುಗಿ ಈಗ ಫೋನು ಮಾಡಿದ್ದಳು. ಸೈಕಲ್ ಕದ್ದದ್ದು ಹುಡುಗನೇ ಅಲ್ಲ, ಹುಡುಗಿ ಎಂದು ಅವಳಿಗೆ ನೆನಪಾಯಿತಂತೆ.