ನವನಗರದಿಂದ ದೋಸ್ತಗೊಂದು ಪತ್ರ

ದೋಸ್ತ,

ನೀ ಕಳಿಸಿದ ಫೋಟೋ ನಿನ್ನೆ ರಾತ್ರಿ ಮತ್ತೊಮ್ಮೆ ತಗದು ನೋಡಿದೆ. ಮಗಳನ್ನ ಹೆಗಲ ಮ್ಯಾಲ ಕೂಡಿಸ್ಕೊಂಡು ನಮ್ಮ ನವನಗರದ ಬಿ.ಆರ್.ಟಿ.ಎಸ್. ಬಸ್ ಸ್ಟಾಪಿನಾಗ ನಿಂತೀ. ಅಕಿ ಎರಡೂ ಕೈಲೆ ನಿನ್ನ ಕೂದಲ ಗಟ್ಟಿ ಹಿಡದಾಳ. ಹಿಂದಿನ ಗಾಜಿನ ಬಾಗಲದಾಗ ಫೋಟೋ ತಗಿಯಾಕ ಹತ್ತಿದ ವಹಿನಿ ನೆರಳು ಬಿದ್ದೈತಿ. ನೀವು ನಿಂತ ಜಾಗಾದಿಂದ ನಾಲ್ಕು ಹೆಜ್ಜಿಗೆ ಒಂದು ಬೇವಿನ ಗಿಡ ಇತ್ತು, ಅದರ ಬುಡಕ್ಕ ಪಂಕ್ಚರ್ ಅಂಗಡಿ. ಅಂಗಡಿ ಕಾಕಾ ಟ್ಯೂಬು ನೀರಾಗ ಅದ್ದಿ ಗುಳ್ಳಿ ಎಲ್ಲಿಂದ ಬರ್ತಾವು ಅಂತ ನಮ್ಮನ್ನ ನೋಡಾಕ ಹಚ್ತಿದ್ದ. ಫೋಟೋ ದೊಡ್ಡದು ಮಾಡಿ ಮಾಡಿ ಹುಡುಕಿದೆ. ಗಿಡ ಇಲ್ಲ, ಕಾಕಾನೂ ಇಲ್ಲ. ಎರಡು ದಿನ ಮದವಿಗೆ ಅಂತ ಬಂದು ನನಗೊಂದು ಫೋನೂ ಮಾಡದ ಹೋದಿ ಅನ್ನೋ ಸಿಟ್ಟಿತ್ತು ನೋಡು, ಅದು ಆ ಫೋಟೋ ನೋಡಿ ಇಳೀತು.

ನೋಡಿದ ಕೂಡಲೇ ನೆನಪಾದದ್ದು ‘ದಿ ಸಬರ್ಬ್ಸ್’, ಅಂದ್ರ ಊರಂಚಿನ ಬಡಾವಣಿ, ಅನ್ನೋ ಹಾಡಿನ ಆಲ್ಬಂ. ಯಾಕಂದ್ರ ಆ ಆಲ್ಬಂಗೆ ಬೀಜ ಬಿದ್ದದ್ದು ಇಂಥಾದ್ದ ಒಂದು ಫೋಟೋದಿಂದ. ಅದನ್ನ ಮಾಡಿದ ಆರ್ಕೇಡ್ ಫೈರ್ ಅನ್ನೋ ರಾಕ್ ತಂಡದ ಹಾಡುಗಾರ ವಿನ್ ಬಟ್ಲರ್‌ಗೆ ಅವನ ಹಳೇ ಗೆಳೆಯ ಒಬ್ಬ, ಎಷ್ಟೋ ವರ್ಷದ ಮ್ಯಾಲ, ಒಂದು ಪತ್ರ ಬರದ. ಜೊತಿಗೆ ಒಂದು ಫೋಟೋ. ಅವರು ಬೆಳೆದ ಮನಿ ಹತ್ತಿರದ ಮಾಲ್‌ನಾಗ ಮಗಳನ್ನ ಹೆಗಲ ಮ್ಯಾಲ ಕೂಡಿಸ್ಕೊಂಡು ನಿಂತಿದ್ದ ಗೆಳೆಯ. ಗುರ್ತಿನ ಜಾಗಾ, ಗುರ್ತಿನ ಮಾರಿ, ಅದರ ಮ್ಯಾಲ ಗುರ್ತಿಲ್ಲದ ಕೂಸು. ಅಷ್ಟಕ್ಕ ಅವನ ಹೊಟ್ಟ್ಯಾಗ ಏನೋ ಕಲಕಿ ಹದಿನಾರು ಹಾಡು ಬಂದ್ವು. ಈ ಮಾತು ನಾವು ಕೇಳೋ ಕಾಲಕ್ಕ ನಮಗ ಗೊತ್ತಿರಲಿಲ್ಲ. ಗೊತ್ತಿದ್ರೂ ಅವಾಗ ತಿಳೀತಿರಲಿಲ್ಲ ಬಿಡು, ನಮಗ ಹತ್ತೊಂಬತ್ತು ವರ್ಷ.

2011ರ ಫೆಬ್ರವರಿ ನೆನಪೈತೇನು? 13ನೇ ತಾರೀಖು ರಾತ್ರಿ ಲಾಸ್ ಏಂಜಲಿಸ್‌ನಾಗ ಗ್ರ್ಯಾಮಿ ಸಂಗೀತ ಪ್ರಶಸ್ತಿ. ವರ್ಷದ ಆಲ್ಬಂ ಅನ್ನೋ ಎಲ್ಲಕ್ಕಿಂತ ದೊಡ್ಡ ಪ್ರಶಸ್ತಿಗೆ ಎಮಿನೆಮ್, ಲೇಡಿ ಗಾಗಾ, ಕೇಟಿ ಪೆರ್ರಿ, ಲೇಡಿ ಆಂಟೆಬೆಲಮ್ ಎಲ್ಲಾರೂ ಸಾಲಿನ್ಯಾಗ ಇದ್ರು. ಬಾರ್ಬ್ರಾ ಸ್ಟ್ರೈಸಂಡ್ ಲಕೋಟಿ ಒಡದು ಓದಿದ್ದು ‘ದಿ ಸಬರ್ಬ್ಸ್’. ಅದ ಸಂಜಿ ‘ಆಲ್ಟರ್ನೇಟಿವ್’ ಅನ್ನೋ ತಮ್ಮದ ಓಣಿಯ ಪ್ರಶಸ್ತಿ ಅವರಿಗೆ ಸಿಕ್ಕಿರಲಿಲ್ಲ, ದಿ ಬ್ಲ್ಯಾಕ್ ಕೀಸ್‌ಗೆ ಹೋಗಿತ್ತು. ಓಣ್ಯಾಗ ಸೋತು ಊರು ಗೆದ್ದಂಗ ಆತು. ಮರುದಿನ ಅಂತರ್ಜಾಲದ ತುಂಬ ಒಂದ ಪ್ರಶ್ನೆ: ಯಾರಿವರು? ಒಬ್ಬ ಸಂಗೀತೋದ್ಯಮಿ ಅಂತೂ ನ್ಯೂಯಾರ್ಕ್ ಟೈಮ್ಸ್‌ನಾಗ ಇಡೀ ಪುಟದ ಜಾಹೀರಾತು ಕೊಟ್ಟು, ಗ್ರ್ಯಾಮಿಯವರಿಗೆ ಜನರ ನಾಡಿ ತಿಳೀವಲ್ದು ಅಂತ ಜಗಳಾ ತಗದ.

ನಮಗ ಆ ಗದ್ದಲದಿಂದನ ಆಲ್ಬಂ ಸಿಕ್ಕದ್ದು. ನೀ ಧಾರವಾಡದ ಯಾರೋ ಹಾಸ್ಟೆಲ್ ಹುಡುಗನ ಕಡೆಯಿಂದ ಪೆನ್ ಡ್ರೈವಿನ್ಯಾಗ ತಂದಿದ್ದಿ. ಆಮ್ಯಾಲ ಹಿಂದಿನ ಸಾಲಿನ್ಯಾಗ ಕಟ್ಟಾಕ ಹತ್ತಿ ಅರ್ಧಕ್ಕ ನಿಂತಿದ್ದ ಮನಿ ಸ್ಲ್ಯಾಬಿನ ಮ್ಯಾಲ ಹೋಗಿ ಕುಂತ್ವಿ. ನೀರು ಹೊಡದ ಸಿಮೆಂಟಿನ ವಾಸನಿ, ಆಕಾಶಕ್ಕ ಎದ್ದು ನಿಂತ ಸಳಿ. ಒಂದ ಇಯರ್‌ಫೋನು, ಎಡಗಿವಿ ನನಗ, ಬಲಗಿವಿ ನಿನಗ. ವೈರ್ ಗಿಡ್ಡ ಆಗಿ ತಲಿಗೆ ತಲಿ ಹಚ್ಚಿ ಕೂಡಬೇಕಾಗ್ತಿತ್ತು. ಒಟ್ಟು 64 ನಿಮಿಷ. ನಡುವ ಅಮರಗೋಳ ಸ್ಟೇಷನ್ ಕಡೆ ರೈಲು ಕೂಗಿದ್ರ ‘ತಡಿ, ಮತ್ತ ಮೊದಲಿಂದ’ ಅಂತ ನೀ ಹಿಂದ ಹಚ್ತಿದ್ದಿ.

ಈ ತಂಡ ಇರೋದು ಕೆನಡಾದ ಮಾಂಟ್ರಿಯಲ್‌ನಾಗ. ಖರೆ, ವಿನ್ ಮತ್ತ ಅವನ ತಮ್ಮ ವಿಲ್ ಬೆಳದದ್ದು ಅಮೆರಿಕಾದ ಟೆಕ್ಸಾಸ್‌ನಾಗ, ಹ್ಯೂಸ್ಟನ್ ಹೊರಗಿನ ದಿ ವುಡ್‌ಲ್ಯಾಂಡ್ಸ್ ಅನ್ನೋ ಊರಾಗ. ಊರಂದ್ರ ತಾನ ಬೆಳದ ಊರಲ್ಲ ಅದು. 1974ರಾಗ ನಕ್ಷೆ ಹಾಕಿ, ರಸ್ತೆ ಎಳದು, ಮನಿ ಕಟ್ಟಿ ಮಾಡಿದ್ದು. ಓದಿದಾಗ ನನಗ ನಗಿ ಬಂತು. ನಮ್ಮ ನವನಗರನೂ ಹಂಗ ಅಲ್ಲೇನು? ಧಾರವಾಡಕ್ಕ ಬೇಂದ್ರೆ ಅಜ್ಜ ಇದ್ದಾರ, ಸಾಧನಕೇರಿ ಐತಿ, ಮಳಿ ಐತಿ. ಹುಬ್ಬಳ್ಳಿಗೆ ಸಿದ್ಧಾರೂಢರ ಮಠ, ಗಂಗೂಬಾಯಿ ಹಾನಗಲ್ಲರ ಮನಿ, ಅರಳಿ ಪ್ಯಾಟಿ. ನವಲೂರಿಗಾದ್ರೂ ಪ್ಯಾರಲ ಹಣ್ಣಿನ ಹೆಸರು ಐತಿ. ನಡುವಿನ ನಮಗ? ಎಲ್ಲಿ ಮನಿ ಅಂದ್ರ ‘ಕ್ಯಾನ್ಸರ್ ದವಾಖಾನಿ ಹತ್ರ’ ಅಂತ ಹೇಳಿ, ಎದುರಿನವರು ‘ಅಯ್ಯ’ ಅಂದು ಸುಮ್ಮನಾಗೋದು. ಎನ್.ಎ. ಪ್ಲಾಟಿನ ಮ್ಯಾಲ, ಒಂದ ನಮೂನಿ ಕಂಪೌಂಡಿನೊಳಗ ಬೆಳದವರ ಮ್ಯಾಲ ಯಾರು ಹಾಡು ಕಟ್ಟತಾರ ಅಂತ ನಾವು ತಿಳಕೊಂಡಿದ್ವಿ. ಆ ಆಲ್ಬಂ ಕೇಳಿದಾಗ ಮೊದಲನೇ ಸಲ ಅನಿಸ್ತು, ನಮ್ಮದೂ ಒಂದು ಊರು.

ವಿಮರ್ಶಕರ ಮಾತಿಗೆ ಬರ್ತೀನಿ, ಯಾಕಂದ್ರ ಈ ತಿಂಗಳು ಅದನ್ನೆಲ್ಲಾ ಮತ್ತ ಕುಂತು ಓದೇನಿ. 2010ರ ಆಗಸ್ಟ್‌ನಾಗ ಆಲ್ಬಂ ಬಂದಾಗ ಹೊಗಳಿಕಿ ಮಳಿ ಸುರದಂಗ ಸುರೀತು. ವಿಮರ್ಶೆಗಳ ಅಂಕ ಕೂಡಿಸೋ ಮೆಟಾಕ್ರಿಟಿಕ್ ತಾಣದಾಗ ನೂರಕ್ಕ 87, ಪಿಚ್‌ಫೋರ್ಕ್ ಅನ್ನೋ ಸಂಗೀತ ಪತ್ರಿಕಿಯಾಗ ಹತ್ತಕ್ಕ 8.6. ಬಿಬಿಸಿಯ ವಿಮರ್ಶೆ ಅದನ್ನ ರೇಡಿಯೋಹೆಡ್ ತಂಡದವರ ಹೆಸರಾಂತ ಆಲ್ಬಂ ‘ಓಕೆ ಕಂಪ್ಯೂಟರ್’ ಪಕ್ಕಕ್ಕ ಇಟ್ಟು, ಅದಕ್ಕಿಂತ ಒಂದು ಕೈ ಮ್ಯಾಲ ಅಂತನೂ ಬರೀತು. ಮರ್ಜ್ ರೆಕಾರ್ಡ್ಸ್ ಅನ್ನೋ ಸಣ್ಣ ಸ್ವತಂತ್ರ ಕಂಪನಿ ಹೊರಗ ತಂದ ಆಲ್ಬಂ ಅದು. ಹಾಡೋರ ಕಟ್ಟಿದ ಕಂಪನಿ, 1989ರಾಗ ಉತ್ತರ ಕ್ಯಾರೊಲಿನಾದಾಗ ಶುರು ಆದದ್ದು. ಅಮೆರಿಕಾದ ಮಾರಾಟದ ಪಟ್ಟಿಯೊಳಗ ಮೊದಲನೇ ವಾರದಾಗ 1,56,000 ಪ್ರತಿ ಹೋಗಿ ಮೊದಲನೇ ಸ್ಥಾನಕ್ಕ ಬಂತು. ಬ್ರಿಟನ್ನಿನ್ಯಾಗ ಬ್ರಿಟ್ ಪ್ರಶಸ್ತಿ, ಕೆನಡಾದಾಗ ಜೂನೋ. ನನಗ ಇವೆಲ್ಲಕ್ಕಿಂತ ಹೆಚ್ಚು ಅನಿಸೋದು ಅದ 2011ರ ಸೆಪ್ಟೆಂಬರ್‌ನಾಗ ಬಂದ ಕೆನಡಾದ ಪೊಲಾರಿಸ್ ಪ್ರಶಸ್ತಿ. ಅಲ್ಲಿ ಮಾರಾಟ ಎಷ್ಟು ಅಂತ ಕೇಳೂದಿಲ್ಲ, ಯಾವ ನಮೂನಿ ಸಂಗೀತ ಅಂತನೂ ಕೇಳೂದಿಲ್ಲ. ಸಂಗೀತದ ಬಗ್ಗೆ ಬರಿಯೋರು, ರೇಡಿಯೋದವರು ಕೂಡಿ, ಕೇಳಿ, ವಾದಾ ಮಾಡಿ ಆರಿಸ್ತಾರ. ಕೇಳೋರು ಆರಿಸಿದ್ದು ಅಂದ್ರ ಅದಕ್ಕೊಂದು ತೂಕ ಐತಿ.

ಆಕ್ಷೇಪಣಿನೂ ಇದ್ವು. ಹದಿನಾರು ಹಾಡು ಜಾಸ್ತಿ ಆತು, ಅವ ಮಾತು ತಿರುಗಿ ತಿರುಗಿ ಬರ್ತಾವು ಅಂತ. ಇಲ್ಲಿ ನಾ ಒಪ್ಪೂದಿಲ್ಲ ದೋಸ್ತ. ‘ಹಾಫ್ ಲೈಟ್’ ಎರಡು ಸಲ, ‘ಸ್ಪ್ರಾಲ್’ ಎರಡು ಸಲ, ಮೊದಲನೇ ಹಾಡಿನ ಎಳಿ ಕೊನೀಗೆ ಮತ್ತ ಬರ್ತೈತಿ. ಹಿಂದೂಸ್ತಾನಿ ಗಾಯನದ ವಿಲಂಬಿತದಾಗ ಸುತ್ತಿ ಸುತ್ತಿ ಮತ್ತ ತಾಳದ ಮೊದಲ ಪೆಟ್ಟಿಗೆ, ಸಮ್‌ಗೆ, ಬಂದು ನಿಲ್ಲೋದನ್ನ ಕೇಳಿ ಬೆಳದ ಊರಿನವರು ನಾವು. ಅದ ಸಾಲು ಎರಡನೇ ಸಲ ಬಂದಾಗ ಅದರ ತೂಕ ಬ್ಯಾರೆ ಇರ್ತೈತಿ ಅಂತ ಯಾರೂ ನಮಗ ಹೇಳಿಕೊಡಬೇಕಾಗಿಲ್ಲ. ಲೇಔಟಿನ ಬದುಕೂ ಹಂಗ ಅಲ್ಲೇನು, ಒಂದನೇ ಅಡ್ಡರಸ್ತೆ, ಎರಡನೇ ಅಡ್ಡರಸ್ತೆ, ಎಲ್ಲಾ ಒಂದ ಕಂಡ್ರೂ ಒಂದು ಮಾತ್ರ ನಮ್ಮ ಮನಿ ಕಡೆ ತಿರುಗ್ತೈತಿ.

ಇನ್ನೊಂದು ವಾದ: ಇವರಿಗೆ ಊರಂಚಿನ ಬದುಕಿನ ಮ್ಯಾಲ ಪ್ರೀತಿಯೋ, ಸಿಟ್ಟೋ? ವಿನ್ ಬಟ್ಲರ್ ಅದಕ್ಕ ಹೇಳಿದ್ದು, ಇದು ಪ್ರೇಮಪತ್ರನೂ ಅಲ್ಲ, ದೋಷಾರೋಪನೂ ಅಲ್ಲ, ಅಲ್ಲಿಂದ ಬಂದ ಪತ್ರ ಅಂತ. ನಾ ಓದಿದ್ದರೊಳಗ ಇದಕ್ಕಿಂತ ಸರಿಯಾದ ವಿಮರ್ಶೆ ಇಲ್ಲ. ಮೊದಲನೇ ‘ಸ್ಪ್ರಾಲ್’ದಾಗ ಅವ ಹಳೇ ಮನಿ ಹುಡುಕ್ಕೊಂಡು ಹೋಗ್ತಾನ. ಸೈಕಲ್ ಮ್ಯಾಲ ಇದ್ದ ಹುಡುಗರನ್ನ ಪೊಲೀಸರು ಬೆಳಕು ಬಿಟ್ಟು ನಿಂದರಿಸಿ ಹೊತ್ತೆಷ್ಟಾತು ಅಂತ ಕೇಳ್ತಾರ. ಹಾಡು ಭಾಳ ನಿಧಾನ, ಹೆಜ್ಜಿ ಎತ್ತಾಕ ಒಲ್ಲೆ ಅಂದಂಗ. ಅದರ ಬೆನ್ನಿಗೆ, ಎರಡನೇ ‘ಸ್ಪ್ರಾಲ್’ದಾಗ, ತಂಡದ ಹಾಡುಗಾರ್ತಿ ರೆಜೀನ್ ಶಸಾನ್ಯ ಬರ್ತಾಳ, ಡಿಸ್ಕೋ ತಾಳದ ಮ್ಯಾಲ. ಹಾಡೋದು ಬಿಡು, ಕೆಲ್ಸಕ್ಕ ಹೋಗು ಅಂದವರಿಗೆ ಉತ್ತರ ಅದು. ಅಕಿ ಅಪ್ಪ ಅವ್ವ ಹೈಟಿ ದೇಶ ಬಿಟ್ಟು ಕೆನಡಾಕ್ಕ ಬಂದವರು. ಗುಡ್ಡದ ಹಿಂದ ಗುಡ್ಡ ಅಂತ ಹೈಟಿಯೊಳಗ ಒಂದು ಗಾದಿ ಮಾತು. ಅಕಿಗೆ ಗುಡ್ಡದಂಗ ಕಾಣೋದು ಒಂದರ ಹಿಂದ ಒಂದು ಎದ್ದ ಸತ್ತ ಮಾಲ್‌ಗಳು. ಕುಣೀಬೇಕೋ ಅಳಬೇಕೋ ತಿಳೀದಂಗ ಆ ಸ್ಲ್ಯಾಬಿನ ಮ್ಯಾಲ ನೀ ಎದ್ದು ನಿಂತಿದ್ದಿ, ಇಯರ್‌ಫೋನ್ ನನ್ನ ಕಿವಿಯಿಂದ ಕಿತ್ತು ಬಂದಿತ್ತು.

ಒಂದು ಮಾತು ಮುಚ್ಚಿಡಾಕ ಮನಸ್ಸಿಲ್ಲ. 2022ರಾಗ ಕೆಲವರು ವಿನ್ ಬಟ್ಲರ್ ಮ್ಯಾಲ ಲೈಂಗಿಕ ದುರ್ನಡತೆಯ ಆರೋಪ ಮಾಡಿದ್ರು. ಒಪ್ಪಿಗಿ ಇಲ್ಲದ ಏನೂ ನಡದಿಲ್ಲ ಅಂತ ಅವ ಅಂದ. ನಾ ಎಷ್ಟೋ ತಿಂಗಳು ಈ ಆಲ್ಬಂ ಹಚ್ಚಲಿಲ್ಲ. ಮತ್ತ ಹಚ್ಚಿದಾಗ ರೆಜೀನ್ ಹಾಡಿನಿಂದ ಶುರು ಮಾಡಿದೆ. ಈಗಲೂ ಹಂಗ ಮಾಡ್ತೀನಿ.

‘ವೀ ಯೂಸ್ಡ್ ಟು ವೇಟ್’ ನಿನ್ನ ಹಾಡು. ಪತ್ರ ಬರದು ಉತ್ತರಕ್ಕ ಕಾಯ್ತಿದ್ದ ದಿನಗಳ ಬಗ್ಗೆ. ಕ್ರಿಸ್ ಮಿಲ್ಕ್ ಅನ್ನೋ ನಿರ್ದೇಶಕ ಗೂಗಲ್‌ದವರ ಜೊತಿ ಕೂಡಿ ಅದಕ್ಕೊಂದು ಚಿತ್ರ ಮಾಡಿದ್ದ, ಮುಂದ ಕಾನ್‌ನ ಜಾಹೀರಾತು ಉತ್ಸವದಾಗ ಗ್ರ್ಯಾನ್ ಪ್ರೀ ಬಂತು ಅದಕ್ಕ. ನೀ ಬೆಳದ ಮನಿ ವಿಳಾಸ ಹಾಕು ಅಂತಿತ್ತು. ಹಾಕಿದ್ರ ಒಬ್ಬ ಹುಡುಗ ನಿಮ್ಮ ಓಣಿ ತುಂಬ ಓಡತಾನ. ಸೈಬರ್ ಕೆಫೆಯಾಗ ತಾಸಿಗೆ ರೊಕ್ಕ ಕೊಟ್ಟು ನಾವು ನವನಗರ ಅಂತ ಹಾಕಿದ್ವಿ. ಅಮೆರಿಕಾದವರಿಗೆ ಅವರ ಮನಿ ಬಾಗಲಾ ಕಾಣ್ತಿತ್ತು, ನಮಗ ಮ್ಯಾಲಿಂದ ತಗದ ಚಿತ್ರ ಅಷ್ಟ, ಬೂದಿ ಬಣ್ಣದ ಚೌಕ ಚೌಕ. ‘ಅಲ್ಲಿ, ಅಲ್ಲಿ ನಿಮ್ಮ ನೀರಿನ ಟ್ಯಾಂಕಿ’ ಅಂತ ನೀ ಪರದೆ ಮ್ಯಾಲ ಬೆರಳು ಇಟ್ಟಿದ್ದಿ. ಕೊನೀಗೆ ಆ ಚಿತ್ರದಾಗ ನೆಲ ಸೀಳಿ ಗಿಡ ಏಳಾಕ ಹತ್ತಿದ್ವು, ನಮ್ಮ ರೋಡಿನ ಮ್ಯಾಲ, ನಮ್ಮ ಚಾವಣಿ ಮ್ಯಾಲ, ಪಟಪಟ ಅಂತ. ಆಮ್ಯಾಲ ಐದಾರು ವರ್ಷದಾಗ ಇಲ್ಲಿ ಆದದ್ದು ಬ್ಯಾರೆ. ಬಿ.ಆರ್.ಟಿ.ಎಸ್. ಸಲುವಾಗಿ ಹುಬ್ಬಳ್ಳಿ-ಧಾರವಾಡದ ನಡುವಿನ ಗಿಡ ಒಂದೊಂದ ಉರುಳಿದ್ವು. ನೀ ಅವಾಗ ಊರಾಗ ಇರಲಿಲ್ಲ. ಬೇವಿನ ಗಿಡ ಬಿದ್ದ ದಿನ ನಾ ಅಲ್ಲೇ ನಿಂತಿದ್ದೆ. ಕಾಂಡದಾಗ ಪಂಕ್ಚರ್ ಕಾಕಾ ಟೈರು ತೂಗುಹಾಕ್ತಿದ್ದ ಮೊಳಿ ಹಂಗ ಇತ್ತು, ಸುತ್ತಲೂ ತೊಗಟಿ ಬೆಳದು ಅರ್ಧ ನುಂಗಿತ್ತು. ಬಿ.ಆರ್.ಟಿ.ಎಸ್.ನ ಚಿಗರಿ ಬಸ್ಸಿನ್ಯಾಗ ಈಗ ಅವ್ವನ್ನ ಧಾರವಾಡಕ್ಕ ಲಗೂನ ಕರ್ಕೊಂಡು ಹೋಗ್ತೀನಿ, ಅದೂ ಖರೆ. ಎರಡೂ ಖರೆ ಅಂತ ಒಂದ ಉಸಿರಿನ್ಯಾಗ ಹಾಡಿದ್ದು ಈ ಆಲ್ಬಂ, ಅದಕ್ಕ ನನಗ ಇಷ್ಟು ಬೇಕು ಅದು.

ಈ ಹಾಡುಗಳನ್ನ ಮುದ್ರಿಸೋ ಮುಂಚೆ ಒಂದೊಂದನ್ನೂ ಹನ್ನೆರಡು ಇಂಚಿನ ಪ್ಲೇಟಿಗೆ ಕೊರದು, ಆ ಪ್ಲೇಟ್ ಹಚ್ಚಿ, ಅದರಿಂದ ಬಂದ ದನಿಯನ್ನ ಮತ್ತ ಹಿಡಿದಾರ. ಹೋದ ವರ್ಷ ಛಲೋ ಹೆಡ್‌ಫೋನ್ ತಗೊಂಡು ಎರಡೂ ಕಿವಿಲೆ ಕೇಳಿದಾಗ ನಾ ಗಾಬರಿ ಆದೆ. ಹಾಡಿನ ಬಲಗಡೆ ಏನೇನೋ ಇತ್ತು, ಆ ಸ್ಲ್ಯಾಬಿನ ಮ್ಯಾಲ ಅದೆಲ್ಲಾ ನಿನ್ನ ಪಾಲಿಗೆ ಬಂದಿತ್ತು. ಇಷ್ಟು ವರ್ಷ ಇಡೀ ಹಾಡು ನನಗ ಬಾಯಿಪಾಠ ಅಂತ ತಿಳಕೊಂಡಿದ್ದೆ.

ಆ ಮನಿ ಈಗ ಮೂರು ಅಂತಸ್ತು ಆಗೇತಿ. ಕೆಳಗಿನ ಮನಿ ಅಜ್ಜಿಗೆ ಕೇಳೇನಿ, ಚಪ್ಪಲಿ ಕೆಳಗ ಬಿಟ್ಟು ಹೋಗ್ರಿ, ಮ್ಯಾಲ ಶಂಡಗಿ ಒಣ ಹಾಕೇನಿ ಅಂದಾರ. ದಸರಾಕ್ಕ ಬಾ, ಮಗಳನ್ನೂ ಕರ್ಕೊಂಡು ಬಾ. ವೈರಿನ ಇಯರ್‌ಫೋನ್ ನನ್ನ ಕಡೆ ಇನ್ನೂ ಐತಿ. ಈ ಸಲ ಎಡಗಿವಿ ನಿನಗ.

ನಿನ್ನ ದೋಸ್ತ,
ಹಿಂದಿನ ಸಾಲಿನಾಂವ