ಉದ್ರಿ ಪುಸ್ತಕದ ಕೊನೆಯ ಹಾಳೆ

ಕಳೆದ ಶನಿವಾರ ಸಿಮೆಂಟ್ ಅಂಗಡಿಗೆ ಕೊನೆಯ ಕಂತು ಕಟ್ಟಿ ಬಂದೆ. ಅಂಗಡಿಯವರು ನಮ್ಮ ಟ್ರಸ್ಟಿನ ಹೆಸರಿನ ಮೇಲೆ ಅಡ್ಡಗೆರೆ ಎಳೆದು, "ಚಾ ಕುಡದು ಹೋಗ್ರಿ ಮ್ಯಾನೇಜರ್ರ" ಅಂದರು. ಇಷ್ಟು ವರ್ಷ ಆ ಅಂಗಡಿ ಮುಂದೆ ತಲೆ ತಗ್ಗಿಸಿ ಹಾಯುತ್ತಿದ್ದವನು ಅವತ್ತು ಎರಡು ಚಾ ಕುಡಿದೆ.

ಕಲಬುರಗಿ ಜಿಲ್ಲೆಯ ಜೇವರ್ಗಿ ತಾಲ್ಲೂಕಿನಲ್ಲಿ, ಭೀಮಾ ಹೊಳೆಯ ದಂಡೆಯಿಂದ ತುಸು ಮೇಲೆ, ದಿಬ್ಬದಲ್ಲಿ ನಮ್ಮ ಮಠದ ಟ್ರಸ್ಟಿನ ಭವನ ಇದೆ. ಬೋರ್ಡಿನಲ್ಲಿ 'ಸಮ್ಮೇಳನ ಹಾಗೂ ತರಬೇತಿ ಕೇಂದ್ರ'. ಊರವರ ಬಾಯಲ್ಲಿ 'ಟ್ರೇನಿಂಗ್ ಮನಿ'. ಸ್ತ್ರೀಶಕ್ತಿ ಸಂಘದವರು, ಆಶಾ ಕಾರ್ಯಕರ್ತೆಯರು, ಪಂಚಾಯಿತಿಗೆ ಹೊಸದಾಗಿ ಆರಿಸಿ ಬಂದವರು ಎರಡು-ಮೂರು ದಿನ ಉಳಿದು ಕಲಿತು ಹೋಗುತ್ತಾರೆ. ಶಹಾಬಾದ್ ಕಲ್ಲಿನ ನೆಲ, ನೂರು ಗಾದಿ, ಒಂದು ಪ್ರೊಜೆಕ್ಟರ್. ಅಷ್ಟೇ ನಮ್ಮ ಆಸ್ತಿ.

2020ರ ಮಾರ್ಚಿನಲ್ಲಿ ದೇಶದ ಮೊದಲ ಕೋವಿಡ್ ಸಾವು ಕಲಬುರಗಿಯಲ್ಲೇ ಆಯಿತು. ಲಾಕ್‌ಡೌನಿಗೆ ಮೊದಲೇ ನಮ್ಮ ಬುಕಿಂಗ್ ಎಲ್ಲ ರದ್ದು. ಅದಕ್ಕೂ ಹಿಂದೆ ನಡೆದ ಶಿಬಿರದ ಬಿಲ್ಲು ಒಂದು ಕಚೇರಿಯಲ್ಲಿ ನಾಲ್ಕು ವರ್ಷ ಮಲಗಿತ್ತು. ಹೆಸರು ಬೇಡ, ಕೊನೆಗೂ ಕೊಟ್ಟರು.

ಅದೇ 2020ರ ಅಕ್ಟೋಬರಿನಲ್ಲಿ ಹೊಳೆ ಬಂತು. ಮಹಾರಾಷ್ಟ್ರದಲ್ಲಿ ಮಳೆ ಸುರಿದು ಅಲ್ಲಿನ ಉಜನಿ ಅಣೆಕಟ್ಟಿನಿಂದ ಬಿಟ್ಟ ನೀರು ಸೊನ್ನ ಬ್ಯಾರೇಜ್ ದಾಟಿ ನಮ್ಮ ಕಡೆ ನುಗ್ಗಿತು. ಹಾಲ್ ಉಳಿಯಿತು, ತಗ್ಗಿನಲ್ಲಿದ್ದ ಅಡುಗೆಮನೆಯ ಗೋಡೆ ಕುಸಿದು ಬಿತ್ತು. ಬೆಳಗಾಗುವಷ್ಟರಲ್ಲಿ ಕೆಳಗಿನ ಓಣಿಯವರು ಎಮ್ಮೆ, ಟ್ರಂಕು, ಮಕ್ಕಳ ಸಮೇತ ಗೇಟಿನ ಮುಂದೆ ನಿಂತಿದ್ದರು.

ಒಂದು ಮಾತು ಇಲ್ಲಿ ಒಪ್ಪಿಕೊಳ್ಳಬೇಕು. ಬೀಗದಕೈ ನನ್ನ ಕೈಯಲ್ಲಿತ್ತು, ನಾನು ಗೇಟು ತೆಗೆಯಲಿಲ್ಲ. ಹೊಸ ಗಾದಿ ಹಾಳಾಗುತ್ತವೆ, ಕೋವಿಡ್ ನಿಯಮ ಇದೆ, ಟ್ರಸ್ಟಿನವರನ್ನು ಕೇಳಬೇಕು ಅಂತ ಹತ್ತು ನಿಮಿಷ ಫೋನ್ ಹಿಡಿದು ನಿಂತೆ. ನಮ್ಮ ಅಡುಗೆಯ ಅಮ್ಮ ಬಂದು, "ದಾಸೋಹಕ್ಕ ಬುಕಿಂಗ್ ಕೇಳ್ತಾರೇನ್ರಿ?" ಅಂತ ಬೀಗದಕೈ ಕಿತ್ತುಕೊಂಡರು. ಏಳು ತಿಂಗಳಿಂದ ಅವರಿಗೆ ಕೊಡುತ್ತಿದ್ದದ್ದು ಅರ್ಧ ಪಗಾರ. ಮೊದಲ ಕೃತಜ್ಞತೆ ಅವರಿಗೆ, ಕ್ಷಮೆ ಸಮೇತ.

ಅಂದಿನಿಂದ ಹನ್ನೊಂದು ದಿನ ಒಲೆ ಹಾಲಿನ ಪಡಸಾಲೆಯಲ್ಲೇ ಉರಿಯಿತು. ಬಾಣಂತಿಯೊಬ್ಬಳಿಗೆ ಮರೆ ಬೇಕಾಗಿತ್ತು. ಪ್ರೊಜೆಕ್ಟರಿನ ಬಿಳಿ ಪರದೆ ಬಿಚ್ಚಿ ಮೂಲೆಗೆ ಕಟ್ಟಿದೆವು. ಅದರ ಕೆಳ ಅಂಚಿಗೆ ಹತ್ತಿದ ಅರಿಶಿಣ ಈವತ್ತಿಗೂ ಹೋಗಿಲ್ಲ. ತರಬೇತಿ ಕೊಡಲು ಬಂದವರು "ಸ್ಕ್ರೀನ್ ಬದಲಿಸಿ ಸರ್" ಅನ್ನುತ್ತಾರೆ. ಹಾಂ, ಬದಲಿಸೋಣ.

ಟೆಂಟ್ ಹೌಸಿನ ಚಾಚಾ ಜನರೇಟರ್ ಇಟ್ಟು ಹೋದವರು ಬಾಡಿಗೆಯ ಮಾತೇ ಎತ್ತಲಿಲ್ಲ. ಡೀಸೆಲ್ ದುಡ್ಡಾದರೂ ತಗೊಳ್ಳಿ ಅಂದರೆ, "ಉರ್ಸಿಗೆ ನಿಮ್ಮ ಪಾತ್ರೆ ಒಯ್ದಾಗ ಏನು ಕೊಟ್ಟಿದ್ದೆ?" ಅಂದರು. ತಾಂಡಾದ ಹುಡುಗರು ನೀರಿಳಿದ ಮೇಲೆ ನಾಲ್ಕು ದಿನ ಕೆಸರು ಬಾಚಿದರು. ಶಹಾಬಾದ್ ಕಲ್ಲಿನ ಸಂದಿಯಲ್ಲಿ ಕೂತ ಎರೆಮಣ್ಣು ಪೊರಕೆಗೆ ಬರುವುದಿಲ್ಲ, ಚಮಚದಿಂದ ಕೆದರಿ ತೆಗೆಯಬೇಕು. ತೆಗೆದರು.

ತೊಗರಿಯ ಸಂಗತಿ ಹೇಳದಿದ್ದರೆ ಬರಹ ಮುಗಿಯದು. ಕಲಬುರಗಿ ತೊಗರಿಬೇಳೆಗೆ ಜಿಐ ಟ್ಯಾಗ್, ಅಂದರೆ ಈ ನೆಲದ್ದೇ ಬೆಳೆ ಅನ್ನುವ ಸರ್ಕಾರಿ ಗುರುತು, ಬಂದದ್ದು 2019ರಲ್ಲಿ. ಮರುವರ್ಷವೇ, ಹೂ ಬಿಡುವ ಹೊತ್ತಿಗೆ ದಂಡೆಯ ಹೊಲಗಳಲ್ಲಿ ನೀರು ನಿಂತು ಬೇರು ಕೊಳೆಯಿತು. ಬೆಳೆ ಪೂರ್ತಿ ಕಳೆದುಕೊಂಡ ರೈತರೊಬ್ಬರು ಮುಂದಿನ ಸುಗ್ಗಿಯಲ್ಲಿ ಒಂದು ಚೀಲ ತೊಗರಿ ತಂದು ನಮ್ಮ ಪಡಸಾಲೆಯಲ್ಲಿ ಇಳಿಸಿದರು. ಲೆಕ್ಕ ಬರೆಯಲು ಹೋದರೆ ಪೆನ್ನು ಹಿಡಿದ ಕೈಯನ್ನೇ ಹಿಡಿದರು.

ಶಿಬಿರಗಳು ಮತ್ತೆ ಶುರುವಾದಾಗ ಅಡುಗೆಮನೆ ಇನ್ನೂ ತಗಡಿನದೇ ಇತ್ತು. ಖಡಕ್ ರೊಟ್ಟಿ ಮಾಡುವ ಸಂಘದ ಅಕ್ಕಂದಿರು ರೊಟ್ಟಿ, ಶೇಂಗಾ ಹಿಂಡಿ ಉದ್ರಿಗೆ ಕೊಟ್ಟು ನಮ್ಮ ಮಾನ ಉಳಿಸಿದರು. ಅವರ ಬಾಕಿ ಯುಗಾದಿಗೆ ತೀರಿತು. ಹೊಸ ಗೋಡೆ ಎದ್ದದ್ದು ಸಿಮೆಂಟ್ ಅಂಗಡಿಯ ಸಹನೆಯಿಂದ. ಆ ಸಾಲ ತೀರಿದ್ದನ್ನು ಮೊದಲೇ ಹೇಳಿದೆ. ಚಿಕ್ಕಚಿಕ್ಕ ಮನಿ ಆರ್ಡರು, ಫೋನ್‌ಪೇ ಕಳಿಸಿದ ಹಳೆಯ ಶಿಬಿರಾರ್ಥಿಗಳಿಗೂ ಶರಣು. ಐವತ್ತೊಂದು ರೂಪಾಯಿ ಕಳಿಸಿ "ಹೆಸರು ಬರೀಬ್ಯಾಡ್ರಿ" ಅಂದವರ ಹೆಸರು ಬರೆದಿಲ್ಲ.

ಪುಸ್ತಕದಲ್ಲಿ ಈಗ ಎಲ್ಲ ಸಾಲಿಗೂ ಗೆರೆ ಬಿದ್ದಿದೆ. ನಿನ್ನೆ ಸಂಜೆ ಹಬ್ಬದ ಹೋಳಿಗೆಗೆಂದು ಅಡುಗೆಯ ಅಮ್ಮ ಹೊಸ ಹಾಳೆ ತೆರೆಸಿದರು: ಬೆಲ್ಲ, 5 ಕಿಲೋ, ಉದ್ರಿ.